ಹಾಳೆ ನಿಮ್ಮದಿರಬಹುದು, ಗೆರೆ ನಿಮ್ಮದಲ್ಲ

ಮಂಠಾಳದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ತಗಡಿನ ಸಂದೂಕವೊಂದಿದೆ. ಅಜ್ಜ ಅದರಲ್ಲಿ ನಿಜಾಮರ ಕಾಲದ ಉರ್ದು ಕಾಗದಪತ್ರ ಇಡುತ್ತಿದ್ದ. ಈಗ ಅದರಲ್ಲಿ ನಾನು ಸೇರಿಸಿದ 42 ಹಾಳೆಗಳೂ ಒಂದು ಕಲರ್ ಝೆರಾಕ್ಸೂ ಇವೆ. ಝೆರಾಕ್ಸಿನ ವಿಚಾರ ಆಮೇಲೆ ಹೇಳುತ್ತೇನೆ. ಹಾಳೆಗಳು ಮಾತ್ರ ಎಲ್ಲವೂ ಮೂಲ ಚಿತ್ರಗಳು. ಮಕ್ಕಳ ಪತ್ರಿಕೆಗಳ ಚಿತ್ರಕತೆಗೆ, ವಾರಪತ್ರಿಕೆಗಳ ಕತೆಗೆ, ಕಾಮಿಕ್ಸ್ ಪುಸ್ತಕಗಳಿಗೆ ಕಲಾವಿದರು ಕೈಯಿಂದ ಬರೆದುಕೊಟ್ಟು, ಅಚ್ಚಿನ ಮನೆಗೆ ಹೋಗಿ, ಅಲ್ಲಿಂದ ಎಲ್ಲೆಲ್ಲೋ ಸುತ್ತಿ, ಕೊನೆಗೆ ರದ್ದಿ ಅಂಗಡಿ ಸೇರಿದಂಥವು. ಹೈದರಾಬಾದ್, ಸೊಲ್ಲಾಪುರ, ಕಲಬುರಗಿ, ಬೆಂಗಳೂರು ಎಂದು ಇಪ್ಪತ್ತು ವರ್ಷ ತಿರುಗಿ ಕೂಡಿಸಿದ್ದು.

ಕಳೆದ ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗ ಸಂದೂಕ ತೆರೆದು ಕೂತು ಒಂದು ಪ್ರಶ್ನೆ ಕೇಳಿದ: “ಮಾಮಾ, ಇದೇ ಚಿತ್ರ ಪುಸ್ತಕದಾಗ ಅದ. ಮೊಬೈಲ್‌ದಾಗೂ ಸಿಗ್ತದ. ಮತ್ತ ಈ ಹರಕ ಹಾಳಿಗಿ ಯಾಕ ಇಷ್ಟು ರೊಕ್ಕ ಕೊಟ್ರಿ?”

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕುತ್ತಾ ಹೋದರೆ ಅದು ಮೂರು ಜನರ ವಿರುದ್ಧ ತಿರುಗುತ್ತದೆ. ಚಿತ್ರವನ್ನು ರದ್ದಿಗೆ ಹಾಕಿದ ಅಚ್ಚಿನ ಮನೆಗಳ ವಿರುದ್ಧ, ಚಿತ್ರಕಾರನ ಹೆಸರು ಕೇಳದೆಯೇ ಓದುತ್ತ ಬಂದ ನಮ್ಮಂಥ ಸಾಹಿತ್ಯದವರ ವಿರುದ್ಧ, ಇನ್ನು ಹಾಳೆ ಕೊಂಡಕೂಡಲೇ ಅದು ಪೂರಾ ತನ್ನದೆಂದು ತಿಳಿದ ಸಂಗ್ರಾಹಕನ ವಿರುದ್ಧ. ಮೂರನೆಯವನು ನಾನೇ.

ಮೂಲ ಹಾಳೆಯನ್ನು ನೋಡದವರಿಗೆ ಮೊದಲು ಅದೇನು ಎಂದು ಹೇಳಬೇಕು. ಅಚ್ಚಿನಲ್ಲಿ ಬರುವುದಕ್ಕಿಂತ ಅದು ಸಾಮಾನ್ಯವಾಗಿ ದೊಡ್ಡದು, ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು. ದೊಡ್ಡದಾಗಿ ಬರೆದು ಬ್ಲಾಕ್ ಮಾಡುವಾಗ ಕುಗ್ಗಿಸಿದರೆ ಗೆರೆ ಬಿಗಿಯಾಗುತ್ತದೆ, ಕೈಯ ಸಣ್ಣಪುಟ್ಟ ನಡುಕ ಮುಚ್ಚಿಹೋಗುತ್ತದೆ. ಮೊದಲು ಪೆನ್ಸಿಲ್, ಅದರ ಮೇಲೆ ಕಪ್ಪು ಇಂಡಿಯನ್ ಇಂಕು. ತಪ್ಪಾದ ಕಡೆ ಬಿಳಿ ಪೋಸ್ಟರ್ ಬಣ್ಣ ಬಳಿದು ಮತ್ತೆ ಗೆರೆ ಎಳೆದಿರುತ್ತಾರೆ. ಮಾತಿನ ಬಲೂನಿನೊಳಗೆ ಮೊಳೆಯಲ್ಲಿ ಜೋಡಿಸಿ ತೆಗೆದ ಅಕ್ಷರದ ಚೀಟಿ ಅಂಟಿಸಿರುತ್ತದೆ. ಅಂಟು ಒಣಗಿ ಎಷ್ಟೋ ಚೀಟಿ ಉದುರಿ ಹೋಗಿರುತ್ತವೆ. ಆಗ ರಾಜ, ಮಂತ್ರಿ, ರಾಕ್ಷಸ ಎಲ್ಲರೂ ಬಾಯಿ ತೆರೆದು ಏನೂ ಮಾತಾಡದೆ ನಿಂತಿರುತ್ತಾರೆ. ಅಂಚಿನಲ್ಲಿ ತಿಳಿನೀಲಿ ಪೆನ್ಸಿಲಿನಲ್ಲಿ ಸೂಚನೆಗಳಿರುತ್ತವೆ: ಇಷ್ಟು ಇಂಚು, ಇಷ್ಟನೆಯ ಪುಟ, ಇಂಥ ದಿನದೊಳಗೆ. ತಿಳಿನೀಲಿಯೇ ಯಾಕೆಂದರೆ ಬ್ಲಾಕ್ ತೆಗೆಯುವ ಕ್ಯಾಮೆರಾಕ್ಕೆ ಆ ಬಣ್ಣ ಹಿಡಿಯುತ್ತಿರಲಿಲ್ಲ.

ನನ್ನ ಬಳಿ ಇರುವ ಒಂದು ಹಾಳೆಯಲ್ಲಿ ಓಡುವ ಕುದುರೆಯ ಹಿಂಗಾಲನ್ನು ಮೂರು ಸಲ ಬಿಳಿ ಬಳಿದು ತಿದ್ದಿದ್ದಾರೆ. ಅಚ್ಚಾದ ಪುಟದಲ್ಲಿ ಕುದುರೆ ಸಲೀಸಾಗಿ ಓಡುತ್ತದೆ. ಮೂಲದಲ್ಲಿ ಮಾತ್ರ ಆ ಓಟಕ್ಕೆ ಒಬ್ಬ ಮನುಷ್ಯ ಎಷ್ಟು ಒದ್ದಾಡಿದ್ದಾನೆ ಎಂಬುದು ಗೊತ್ತಾಗುತ್ತದೆ. ಒಬ್ಬ ಕವಿಯ ಕೈಬರಹದ ಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ನಾವು ಎಷ್ಟು ಭಕ್ತಿಯಿಂದ ನೋಡುತ್ತೇವೆ! ಅದಕ್ಕೆ ಪಾಠಾಂತರ ಎಂದು ಹೆಸರಿಟ್ಟು ಪಿಎಚ್‌.ಡಿ. ಮಾಡುತ್ತೇವೆ. ಕುದುರೆಯ ಹಿಂಗಾಲು ಪಾಠಾಂತರವಲ್ಲವೇ?

ನಮ್ಮದು ಗಡಿ ಸೀಮೆ. ಬಸವಕಲ್ಯಾಣ ತಾಲೂಕಿನ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂರುತ್ತವೆ. ನಾನು ಹುಡುಗನಿದ್ದಾಗ ಕನ್ನಡ ಶಾಲೆಯವರ ಕೈಯಲ್ಲಿ ‘ಚಂದಮಾಮ’, ಮರಾಠಿ ಶಾಲೆಯವರ ಕೈಯಲ್ಲಿ ‘ಚಾಂದೋಬಾ’ ಇರುತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ಸ್ಮಶಾನದಿಂದ ಬರುವ ಅದೇ ವಿಕ್ರಮ. ಮಾತು ಬೇರೆ, ಚಿತ್ರ ಒಂದೇ. ಮರಾಠಿ ಹುಡುಗರು ನಮಗೆ ಕತೆ ಹೇಳಬೇಕಿರಲಿಲ್ಲ, ನಾವು ಅವರಿಗೆ ಹೇಳಬೇಕಿರಲಿಲ್ಲ. 1947ರಲ್ಲಿ ತೆಲುಗು, ತಮಿಳಿನಲ್ಲಿ ಮದರಾಸಿನಿಂದ ಆರಂಭವಾದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು, ಬರಬರುತ್ತ ದೇಶದ ಹತ್ತಾರು ಭಾಷೆಗೆ ಹೋಯಿತು. ಕತೆ ಪ್ರತಿ ಗಡಿಯಲ್ಲೂ ಅನುವಾದಕನಿಗಾಗಿ ಕಾಯಬೇಕಾಯಿತು. ಚಿತ್ರ ಯಾರ ಅಪ್ಪಣೆಯನ್ನೂ ಕೇಳದೆ ದಾಟಿಹೋಯಿತು.

ಆ ವಿಕ್ರಮ ಬೇತಾಳರನ್ನು ಬರೆದವರು ಶಂಕರ್ ಎಂದು ಸಹಿ ಮಾಡುತ್ತಿದ್ದ ಕೆ.ಸಿ. ಶಿವಶಂಕರನ್. ಅವರು 2020ರಲ್ಲಿ, ತೊಂಬತ್ತೇಳರ ಆಸುಪಾಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ತೀರಿಕೊಂಡ ಮೇಲೆ, 2021ರಲ್ಲಿ. ಅದೇ ಪತ್ರಿಕೆಯ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡದವರೇ. ನಮ್ಮ ಪೈಕಿ ಎಷ್ಟು ಜನ ಭೀಷ್ಮನನ್ನು, ಕರ್ಣನನ್ನು ಕಣ್ಣು ಮುಚ್ಚಿ ನೆನೆಸಿಕೊಂಡರೆ ಮೂಡುವುದು ಅವರು ಬರೆದ ಮುಖ! ಆದರೆ ಕನ್ನಡ ಸಾಹಿತ್ಯದ ಚರಿತ್ರೆ ಎಂಬ ದಪ್ಪ ಪುಸ್ತಕಗಳಲ್ಲಿ ಆಚಾರ್ಯರಿಗೆ ಎಷ್ಟು ಸಾಲು ಸಿಕ್ಕಿದೆ ಎಂದು ನೀವೇ ತೆಗೆದು ನೋಡಿ.

ಇಂಥ ಮರೆವು ಒಂದೇ ಕಡೆ ಇಲ್ಲ. ‘ಅಮರ ಚಿತ್ರಕಥೆ’ ಎಂದರೆ ಇಂಗ್ಲಿಷಿನಲ್ಲಿ ಹುಟ್ಟಿ ನಮ್ಮ ಕಡೆಗೆ ಇಳಿದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದರ ಸಂಪಾದಕ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಅಷ್ಟೇ ಅಲ್ಲ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದೇ ಕನ್ನಡದಲ್ಲಿ. ಸಿಂಡ್ರೆಲಾ ಮುಂತಾದ ಪರದೇಶದ ಕತೆಗಳು. ಇಂಗ್ಲಿಷಿನವರಿಗೆ ಮಾಲೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಆರಂಭವಾಗುತ್ತದೆ ಎಂಬುದರ ಗುಟ್ಟು ಇದು. ಆ ಕೃಷ್ಣನನ್ನು ಬರೆದವರು ರಾಮ್ ವಾಯೀರ್ಕರ್. ಪೈ ಅವರ ಹೆಸರು ಮನೆಮಾತಾಯಿತು, ‘ಅಂಕಲ್ ಪೈ’ ಎಂದು ಮಕ್ಕಳು ಪತ್ರ ಬರೆದರು. ವಾಯೀರ್ಕರ್ ಅವರಿಗೆ ಪತ್ರ ಬರೆದ ಮಕ್ಕಳೆಷ್ಟು?

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕಲಬುರಗಿಗೆ ಬನ್ನಿ. ಎಸ್.ಎಂ. ಪಂಡಿತ ಅಲ್ಲಿ 1916ರಲ್ಲಿ ಹುಟ್ಟಿದರು, ಮುಂಬಯಿಗೆ ಹೋಗಿ ಸಿನಿಮಾ ಪತ್ರಿಕೆಗಳ ಮುಖಪುಟ, ಪೋಸ್ಟರು, ಪುರಾಣದ ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಅವರ ಚಿತ್ರಕ್ಕೆ ದಿನಾ ಕುಂಕುಮ ಹಚ್ಚಿದ್ದಾರೆ. ಹಚ್ಚಿದವರಿಗೆ ಹೆಸರು ಗೊತ್ತಿರಲಿಲ್ಲ. ಅವರ ತಪ್ಪಲ್ಲ, ಹೇಳಿದವರಿಲ್ಲ. ‘ಕಮರ್ಷಿಯಲ್ ಆರ್ಟು’ ಎಂಬ ಒಂದು ಮಾತು ಕಲಿತುಕೊಂಡು ನಮ್ಮ ಓದಿದವರು ಇಂಥವರನ್ನೆಲ್ಲ ಅಂಗಳದಲ್ಲೇ ನಿಲ್ಲಿಸಿಬಿಟ್ಟರು.

ಮೊದಲ ತಕರಾರು ಅಚ್ಚಿನ ಮನೆಗಳ ಮೇಲೆ. ಬ್ಲಾಕ್ ಆಯಿತೆಂದರೆ ಚಿತ್ರದ ಕೆಲಸ ಮುಗಿಯಿತು ಎಂಬುದು ಅಂದಿನ ರೂಢಿ. ಚಿತ್ರ ವಾಪಸು ಕೊಡಬೇಕು ಎಂದು ಕೊಡುವವರಿಗೆ ಅನ್ನಿಸಲಿಲ್ಲ, ಕೇಳಬೇಕು ಎಂದು ಬರೆದವರಿಗೂ ತೋಚಲಿಲ್ಲ. ತಿಂಗಳ ಕೊನೆಗೆ ಹಣ ಕೇಳುವುದಕ್ಕೇ ಸಂಕೋಚಪಡುವವನು ಹಾಳೆ ಯಾವಾಗ ಕೇಳಬೇಕು? ಜಾಗ ಸಾಲದಾದಾಗ, ಕಚೇರಿ ಬದಲಾದಾಗ, ಪತ್ರಿಕೆ ನಿಂತಾಗ ಕಟ್ಟು ಕಟ್ಟಿ ತೂಕಕ್ಕೆ ಹಾಕಿದರು. ಗೆದ್ದಲು ತಿಂದದ್ದು ಕಡಿಮೆ, ಕಿಲೋ ಲೆಕ್ಕದಲ್ಲಿ ಹೋದದ್ದೇ ಹೆಚ್ಚು ಎಂದು ರದ್ದಿ ಅಂಗಡಿಯವರ ಜೊತೆ ಕೂತು ಚಹಾ ಕುಡಿದ ನನಗೆ ಅನ್ನಿಸಿದೆ.

ಎರಡನೆಯ ತಕರಾರು ನಮ್ಮ ಮೇಲೆ. ವಿಶೇಷಾಂಕದಲ್ಲಿ ಕತೆ ಬಂದರೆ ಲೇಖಕನ ಹೆಸರು ದಪ್ಪಕ್ಷರದಲ್ಲಿ. ಚಿತ್ರಕಾರ ಮೂಲೆಯಲ್ಲಿ ತಾನೇ ಹಾಕಿಕೊಂಡ ಸಹಿಯಲ್ಲಿ ಉಳಿಯುತ್ತಾನೆ. ಆ ಕತೆ ಮುಂದೆ ಸಂಕಲನಕ್ಕೆ ಹೋಗುವಾಗ ಚಿತ್ರ ಕಳಚಿಹೋಗುತ್ತದೆ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್, ಕಮಲೇಶ್ ಇಂಥವರ ಗೆರೆಗಳ ಮೂಲಕವೇ ಒಂದು ತಲೆಮಾರು ಕನ್ನಡ ಕತೆಗಳನ್ನು ನೋಡಿದೆ. ‘ನೋಡಿದೆ’ ಎಂದೇ ಹೇಳುತ್ತೇನೆ, ಓದುವ ಮೊದಲು ನಾವು ನೋಡಿದ್ದೆವು. ವಿಮರ್ಶೆ ಬರೆಯುವಾಗ ಮಾತ್ರ ಬರೀ ಓದಿದ್ದು ನೆನಪಾಯಿತು. ಕುಪ್ಪಳಿಯಲ್ಲಿ ಕವಿಯ ಮನೆಯನ್ನು ಕಾಪಾಡಿದ್ದೇವೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗೆಂದೇ ವಿಭಾಗವಿದೆ. ಅದೆಲ್ಲ ಬೇಕು. ವ್ಯಂಗ್ಯಚಿತ್ರಕ್ಕೆ ಬೆಂಗಳೂರಿನಲ್ಲಿ ಕಾರ್ಟೂನಿಸ್ಟರೇ ಸೇರಿ 2007ರಲ್ಲಿ ಒಂದು ಗ್ಯಾಲರಿ ತೆರೆದರು, ಅದೂ ಸಂತೋಷವೇ. ಕತೆಯ ಚಿತ್ರಗಳ, ಚಿತ್ರಕತೆಗಳ ಮೂಲ ಹಾಳೆಗಳನ್ನು ಕೂಡಿಸಿಡುವುದು ಸಾಹಿತ್ಯದ ಕೆಲಸ ಎಂದು ಸಾಹಿತ್ಯದ ಸಂಸ್ಥೆಗಳಿಗೆ ಯಾಕೆ ಅನ್ನಿಸಲಿಲ್ಲ ಎಂಬುದು ನನ್ನ ಪ್ರಶ್ನೆ.

ನಮ್ಮ ತಾಲೂಕಿನಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕವಿದೆ. ಕಲ್ಯಾಣದಲ್ಲಿ ಗದ್ದಲವಾದಾಗ ಶರಣರು ವಚನದ ಕಟ್ಟು ಹೊತ್ತು ಉಳವಿಯ ದಾರಿ ಹಿಡಿದರು ಎಂಬ ಕತೆಯನ್ನು ಕೇಳುತ್ತ ಬೆಳೆದವರು ನಾವು. ಬರೆದದ್ದನ್ನು ಬಿಟ್ಟು ಓಡಬಾರದು ಎಂದು ಆ ಕತೆ ಹೇಳುತ್ತದೆ. ಎಂಟುನೂರು ವರ್ಷದ ನಂತರ ಬಿಜಾಪುರದ ವಕೀಲ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ಆ ತಾಡವಾಲೆಗಳನ್ನು ಕೂಡಿಸಿದರು. ಎಷ್ಟೋ ಮನೆಗಳಲ್ಲಿ ಅವು ಜಗುಲಿಯ ಮೇಲೆ ಪೂಜೆಗಷ್ಟೇ ಇದ್ದವು. ಹಳಕಟ್ಟಿಯವರು ಅವನ್ನು ತಂದು ತಮ್ಮ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಲಿಲ್ಲ. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ತಂದರು, 1925ರಲ್ಲಿ ಹಿತಚಿಂತಕ ಎಂದು ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಕೂಡಿಸಿದ್ದು ಕೊಡುವುದಕ್ಕೆ. ಸಂಗ್ರಹ ಎಂಬ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಅಳತೆಗೋಲು ನನಗೆ ಗೊತ್ತಿಲ್ಲ. ಆ ಅಳತೆಗೋಲಿನಲ್ಲಿ ನನ್ನನ್ನು ಅಳೆದರೆ ಏನಾಗುತ್ತದೆ ಎಂಬುದೇ ಝೆರಾಕ್ಸಿನ ಕತೆ.

2011ರಲ್ಲಿ ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಬಜಾರಿನಲ್ಲಿ ಒಂದು ಹಾಳೆ ಸಿಕ್ಕಿತು. ಹಳೆಯ ಮಕ್ಕಳ ಪತ್ರಿಕೆಯೊಂದರ ಚಿತ್ರಕತೆಯ ಪುಟ, ಆರು ಚೌಕ. ಅಜ್ಜಿಯೊಬ್ಬಳು ನರಿಗೆ ರೊಟ್ಟಿ ಕೊಡುವ ಚಿತ್ರ. ರೊಟ್ಟಿ ನಮ್ಮ ಜೋಳದ ರೊಟ್ಟಿಯೇ, ಅಜ್ಜಿ ಉಟ್ಟದ್ದು ನಮ್ಮ ಕಡೆಯ ಇಳಕಲ್ ಸೀರೆಯೇ. ಎಂಟುನೂರಕ್ಕೆ ತಂದೆ. ಕೆಳಗಿನ ಮೂಲೆಯಲ್ಲಿ ಬೆರಳಗಲ ಬಿಳಿ ಬಣ್ಣ ಬಳಿದಿತ್ತು. ಅಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ, ಬರೀ ನೆಲ. ಮನೆಗೆ ಬಂದು ಬೆಳಕಿಗೆ ಹಿಡಿದೆ. ಬಿಳಿ ಬಣ್ಣದ ಕೆಳಗೆ ಸಹಿ ಇತ್ತು. ಅಚ್ಚಿಗೆ ಹೋಗುವ ಮೊದಲು ಯಾರೋ ಅದನ್ನು ಅಳಿಸಿದ್ದರು.

ಆ ಸಹಿಯ ಬೆನ್ನು ಹತ್ತಿ ಮೂರು ವರ್ಷ ಹೋಯಿತು. ಬ್ಲಾಕ್ ಮಾಡುತ್ತಿದ್ದ ಒಬ್ಬ ಮುದುಕರು ಗುರುತು ಹಿಡಿದರು. ಕಲಾವಿದರು ಬೀದರ್ ಕಡೆಯವರೇ, ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದರು. ಹೆಸರು ಇಲ್ಲಿ ಬರೆಯುವುದಿಲ್ಲ, ಮನೆಯವರಿಗೆ ಇಷ್ಟವಿಲ್ಲ. 2014ರ ಒಂದು ಭಾನುವಾರ ಹಾಳೆ ಹಿಡಿದು ಹೋದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಎಷ್ಟಕ್ಕ ತಗೊಂಡ್ರಿ ಮಾಸ್ತರ್ರೇ?”

“ಎಂಟುನೂರು ಕಾಕಾ.”

“ನನಗ ಇದಕ್ಕ ಇಪ್ಪತ್ತೈದು ಬಂದಿತ್ತು” ಎಂದು ನಕ್ಕರು. ವ್ಯಂಗ್ಯ ಇರಲಿಲ್ಲ, ನಿಜಕ್ಕೂ ನಕ್ಕರು. ಸಹಿ ಅಳಿಸಿದ್ದನ್ನು ತೋರಿಸಿದೆ. “ಹೌದ್ರಿ. ಚಿತ್ರದಾಗ ಹೆಸರು ಬ್ಯಾಡ ಅಂತಿದ್ರು. ನಾ ಮರತು ಹಾಕ್ತಿದ್ದೆ, ಅವ್ರು ಮರೀದೆ ಅಳಸ್ತಿದ್ರು.” ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: “ನನ್ನ ಬಲ್ಲಿ ಒಂದೂ ಇಲ್ಲ ನೋಡ್ರಿ. ಇದೊಂದು ನಾಲ್ಕು ದಿನ ಇಲ್ಲಿ ಇರಲಿ? ಮೊಮ್ಮಗಳು ಹಾಸ್ಟೆಲ್‌ದಿಂದ ಬರ್ತಾಳ. ತೋರಿಸಿ ಕಳಸ್ತೀನಿ.”

ನಾನು ಕೊಡಲಿಲ್ಲ. ಕಳೆದುಹೋದರೆ, ಮಡಚಿದರೆ, ವಾಪಸು ಬರದಿದ್ದರೆ ಎಂದು ಎದೆ ಹೊಡೆದುಕೊಂಡಿತು. ಬಸ್ಸಿಗೆ ಹೊತ್ತಾಯಿತು ಎಂದೆ. ಕೆಳಗಿನ ಅಂಗಡಿಗೆ ಹೋಗಿ ಕಲರ್ ಝೆರಾಕ್ಸ್ ಮಾಡಿಸಿ ತಂದುಕೊಟ್ಟೆ. ಬರೆದವರಿಗೆ ಝೆರಾಕ್ಸ್, ಕೊಂಡವನಿಗೆ ಮೂಲ. ಅವರು ಅದಕ್ಕೂ ಥ್ಯಾಂಕ್ಸ್ ಹೇಳಿ, ನಿಲ್ದಾಣದ ತನಕ ಆಟೋ ಹಿಡಿದುಕೊಟ್ಟರು. ಹುಮನಾಬಾದ್ ಬರುವ ತನಕ ನನಗೆ ಸಮಾಧಾನವೇ ಇತ್ತು: ಹಾಳೆ ಸುರಕ್ಷಿತವಾಗಿದೆ. ನಾಚಿಕೆ ಬಂದದ್ದು ಬಹಳ ದಿನದ ಮೇಲೆ.

ಇದನ್ನು ಬರೆಯಲು ಕಾರಣ ಪ್ರಾಯಶ್ಚಿತ್ತವಲ್ಲ. ಇಂದು ನಮ್ಮಲ್ಲೂ ಮೂಲ ಚಿತ್ರ ಸಂಗ್ರಹಿಸುವ ಹವ್ಯಾಸ ಬೆಳೆಯುತ್ತಿದೆ. ಅದರ ಜೊತೆಗೆ ಒಂದು ಭಾಷೆಯೂ ಬಂದಿದೆ: ‘ಇನ್‌ವೆಸ್ಟ್‌ಮೆಂಟ್’. 1984ರ ಸ್ಪೈಡರ್‌ಮ್ಯಾನ್ ಕತೆಯೊಂದರ ಒಂದೇ ಒಂದು ಪುಟ 2022ರ ಜನವರಿಯಲ್ಲಿ ಅಮೆರಿಕದ ಹರಾಜಿನಲ್ಲಿ 33 ಲಕ್ಷ ಡಾಲರ್ ದಾಟಿತು. ಅದಕ್ಕೂ ಒಂದು ವರ್ಷ ಮೊದಲು ಪ್ಯಾರಿಸ್ಸಿನಲ್ಲಿ ಟಿನ್‌ಟಿನ್ ಪುಸ್ತಕಕ್ಕೆಂದು ಎರ್ಜೆ 1936ರಲ್ಲಿ ಬರೆದ, ಅಚ್ಚು ಹಾಕಲು ದುಬಾರಿ ಎಂದು ಆಗ ಕೈಬಿಟ್ಟ ಮುಖಪುಟದ ಚಿತ್ರ ಸುಮಾರು 32 ಲಕ್ಷ ಯೂರೋಗೆ ಹೋಯಿತು. ಈ ಅಂಕಿಗಳನ್ನು ನಮ್ಮ ಸಂಗ್ರಾಹಕ ಗೆಳೆಯರು ಮಂತ್ರದ ಹಾಗೆ ಹೇಳುತ್ತಾರೆ. ಮುಂದಿನ ಸಾಲು ಹೇಳುವುದಿಲ್ಲ.

ಮುಂದಿನ ಸಾಲು ಜ್ಯಾಕ್ ಕರ್ಬಿಯದು. ಕ್ಯಾಪ್ಟನ್ ಅಮೆರಿಕ, ಹಲ್ಕ್, ಫೆಂಟಾಸ್ಟಿಕ್ ಫೋರ್ ಮುಂತಾದವು ಹುಟ್ಟಿದ್ದು ಇನ್ನೊಬ್ಬರ ಜೊತೆ ಸೇರಿ ಇವರ ಕೈಯಲ್ಲಿ. ಮಾರ್ವೆಲ್ ಕಂಪನಿಗೆ ಬರೆದುಕೊಟ್ಟ ಪುಟಗಳು ಹತ್ತು ಸಾವಿರಕ್ಕೂ ಮೇಲೆ ಎಂಬ ಅಂದಾಜಿದೆ. ತಾನು ಬರೆದ ಹಾಳೆ ತನಗೆ ಕೊಡಿ ಎಂದು 1980ರ ದಶಕದಲ್ಲಿ ಆ ಮುದುಕ ವರ್ಷಗಟ್ಟಲೆ ಹೋರಾಡಬೇಕಾಯಿತು. ಬೇರೆ ಕಲಾವಿದರಿಗೆ ಒಂದು ಪುಟದ ಕರಾರು, ಇವರಿಗೆ ಮಾತ್ರ ಉದ್ದದ ಬೇರೆ ಕರಾರು. ಊರ ಕಲಾವಿದರೆಲ್ಲ ಅವರ ಪರ ನಿಂತ ಮೇಲೆ, 1987ರಲ್ಲಿ ಸಿಕ್ಕಿದ್ದು ಸುಮಾರು ಎರಡು ಸಾವಿರ ಪುಟ. ಉಳಿದವು? ಒಂದಿಷ್ಟು ಕಳವಾಗಿ, ಒಂದಿಷ್ಟು ಹಂಚಿಹೋಗಿ ಸಂಗ್ರಾಹಕರ ಗೋಡೆ ಸೇರಿದ್ದವು. ಅವರ ಗೋಡೆಯಲ್ಲಿ ಅವು ಭದ್ರವಾಗಿದ್ದವು, ನಿಜ. ನನ್ನ ಸಂದೂಕದಲ್ಲಿ ಅಜ್ಜಿ, ನರಿ ಭದ್ರವಾಗಿದ್ದ ಹಾಗೆ.

ನಮ್ಮ ಕಾನೂನು ಈ ವಿಷಯದಲ್ಲಿ ಪೂರ್ತಿ ಮೂಕವಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿ ಸೇರಿಸಿದ 53ಎ ಕಲಂ ಇದೆ. ಮೂಲ ಚಿತ್ರ, ರೇಖಾಚಿತ್ರ, ಶಿಲ್ಪ ಅಥವಾ ಹಸ್ತಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, ಅದರ ಮೊದಲ ಹಕ್ಕುದಾರನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಬೆಲೆಯಲ್ಲಿ ಪಾಲು ಬರಬೇಕು. ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಹತ್ತು ಬೇಡ, ಎರಡು ಕೊಟ್ಟವರನ್ನು ನನಗೆ ತೋರಿಸಿ. ಕಾಯ್ದೆಯಲ್ಲಿ ತೂತೂ ಇದೆ. ಸಂಬಳದ ನೌಕರಿಯಲ್ಲಿದ್ದು ಬರೆದದ್ದರಲ್ಲಿ ಮೊದಲ ಹಕ್ಕು ಬಹಳಮಟ್ಟಿಗೆ ಮಾಲೀಕನ ಕಡೆ ವಾಲುತ್ತದೆ. ಪತ್ರಿಕೆಗಳ ಚಿತ್ರಕಾರರಲ್ಲಿ ಅಂಥವರೇ ಅನೇಕರು. ಆದರೆ 57ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಕೃತಿಸ್ವಾಮ್ಯ ಮಾರಿದ ಮೇಲೂ ‘ಇದು ನಾನು ಮಾಡಿದ್ದು’ ಎಂದು ಹೇಳಿಕೊಳ್ಳುವ ಹಕ್ಕು ಮಾಡಿದವನಲ್ಲೇ ಉಳಿಯುತ್ತದೆ. ಹಾಳೆ ನಿಮ್ಮದಿರಬಹುದು, ಅಚ್ಚು ಹಾಕುವ ಹಕ್ಕು ಕಂಪನಿಯದಿರಬಹುದು. ಗೆರೆ ಮಾತ್ರ ಎಳೆದವನದು. ಬಿಳಿ ಬಣ್ಣ ಬಳಿದರೂ ಅಷ್ಟೆ.

ಇಷ್ಟು ಹೇಳಿದಾಗ ಗೆಳೆಯರು ಎರಡು ಆಕ್ಷೇಪ ಎತ್ತುತ್ತಾರೆ.

ಒಂದು: ಚಿತ್ರಕತೆ ಅಚ್ಚಿಗೆಂದೇ ಹುಟ್ಟಿದ ಕಲೆ. ಅಚ್ಚಾದ ಪುಸ್ತಕವೇ ಅದರ ಪೂರ್ಣ ರೂಪ. ಮೂಲ ಹಾಳೆ ಬರೀ ಸಾಮಗ್ರಿ, ಅಡುಗೆ ಆದ ಮೇಲೆ ಉಳಿದ ಸಿಪ್ಪೆ. ಈ ವಾದದಲ್ಲಿ ಸತ್ವವಿದೆ. ಪುಸ್ತಕವೇ ಮುಖ್ಯ, ಮೂಲ ಹಾಳೆಯ ಪೂಜೆ ಬೇಡ ಎಂದು ನಾನೂ ಒಪ್ಪುತ್ತೇನೆ. ಆದರೆ ಪುಸ್ತಕಗಳೂ ಉಳಿದಿಲ್ಲವಲ್ಲ! ಅಗ್ಗದ ಕಾಗದದಲ್ಲಿ ಅಚ್ಚಾದ ಮಕ್ಕಳ ಪತ್ರಿಕೆಗಳು ಮುಟ್ಟಿದರೆ ಪುಡಿಯಾಗುತ್ತವೆ. ಗ್ರಂಥಾಲಯಗಳು ಅವನ್ನು ಬೈಂಡ್ ಮಾಡಿಸಲಿಲ್ಲ, ‘ಮಕ್ಕಳದು’ ಎಂದು ಬಿಟ್ಟವು. ಮತ್ತೆ ಎಂದಾದರೂ ಚೆನ್ನಾಗಿ ಅಚ್ಚು ಹಾಕಬೇಕೆಂದರೆ ಬೇಕಾಗುವುದು ಇದೇ ‘ಸಿಪ್ಪೆ’. ಮಸುಕಾದ ಅಚ್ಚಿನಿಂದ ಸ್ಕ್ಯಾನ್ ಮಾಡಿದ ಗೆರೆ ಗೆರೆಯಲ್ಲ, ಗೆರೆಯ ನೆರಳು.

ಎರಡು: ಸಂಗ್ರಾಹಕ ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ದುಡ್ಡು, ಹೊತ್ತು ಕಳೆದುಕೊಂಡು ಉಳಿಸಿದವನನ್ನೇ ಬೈಯುವುದು ಯಾವ ನ್ಯಾಯ? ಸಂಸ್ಥೆಗೆ ಕೊಟ್ಟರೆ ಅಲ್ಲಿ ಗೆದ್ದಲಿಗೆ ಹೋಗುತ್ತದೆ. ಈ ಮಾತು ನನ್ನದೂ ಆಗಿತ್ತು, ಹತ್ತು ವರ್ಷ ಇದನ್ನೇ ಹೇಳಿಕೊಂಡು ತಿರುಗಿದೆ. ಉಳಿಸಿದ್ದು ನಿಜ. ಆದರೆ ಕೆರೆಯಲ್ಲಿ ಮುಳುಗುತ್ತಿದ್ದ ಮಗುವನ್ನು ಎತ್ತಿದವನು ಮಗು ತನ್ನದು ಎನ್ನುವುದಿಲ್ಲ. ತಾಯಿ ಯಾರು ಎಂದು ಕೇಳುತ್ತಾನೆ. ನಾವು ಕೇಳುವುದಿಲ್ಲ. ಕೇಳಿದರೆ ಎಲ್ಲಿ ಕೊಡಬೇಕಾಗುತ್ತದೋ ಎಂಬ ಭಯ. ಹಾಳೆ ಎಲ್ಲಿಂದ ಬಂತೆಂದು ಹೇಳುವುದಿಲ್ಲ, ಮಾರಿದವನು ಗುಟ್ಟು ಎನ್ನುತ್ತಾನೆ. ಸ್ಕ್ಯಾನ್ ಕೊಡುವುದಿಲ್ಲ, ಬೆಲೆ ಇಳಿಯುತ್ತದೆ ಎನ್ನುತ್ತೇವೆ. ಹೀಗೆ ಮುಚ್ಚಿಟ್ಟ ಹಾಳೆಗೂ ರದ್ದಿಗೆ ಹೋದ ಹಾಳೆಗೂ ಓದುವವನ ಮಟ್ಟಿಗೆ ವ್ಯತ್ಯಾಸವೇನು? ಎರಡೂ ಕಾಣುವುದಿಲ್ಲ.

ಹಾಗಾದರೆ ಸಂಗ್ರಹಿಸಬಾರದೇ? ಸಂಗ್ರಹಿಸಬೇಕು, ಇನ್ನೂ ಹೆಚ್ಚು ಜನ ಸಂಗ್ರಹಿಸಬೇಕು. ವಿದ್ಯಾರ್ಥಿಗಳಿಗಂತೂ ಇದಕ್ಕಿಂತ ಒಳ್ಳೆಯ ಹವ್ಯಾಸವಿಲ್ಲ. ದುಡ್ಡೂ ಬಹಳ ಬೇಡ, ಕಣ್ಣು ಬೇಕು. ನಿಮ್ಮ ಊರಿನಲ್ಲಿ ನಿಂತುಹೋದ ಪ್ರೆಸ್ಸು, ನಿವೃತ್ತರಾದ ಡ್ರಾಯಿಂಗ್ ಮಾಸ್ತರು, ಬೋರ್ಡು ಬರೆಯುವವರು ಇದ್ದೇ ಇರುತ್ತಾರೆ. ಅವರ ಅಟ್ಟದ ಮೇಲೆ ಕೈಯಾಡಿಸಿ. ಸಿಕ್ಕ ಹಾಳೆಯನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲೋಟೇಪ್ ಹಚ್ಚಬೇಡಿ, ಹತ್ತು ವರ್ಷದಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಆಮ್ಲವಿಲ್ಲದ ಕಾಗದದ ಮಧ್ಯೆ, ಮಡಚದೆ, ಒಣ ಜಾಗದಲ್ಲಿ ಇಡಿ. ನಮ್ಮ ಬೀದರ್ ಸೀಮೆಯ ಬೇಸಿಗೆಯ ಒಣ ಹವೆ ಕಾಗದಕ್ಕೆ ಅಷ್ಟೇನೂ ಕೆಟ್ಟದ್ದಲ್ಲ. ಮಳೆಗಾಲದ ಎರಡು ತಿಂಗಳು ಮಾತ್ರ ವಾರಕ್ಕೊಮ್ಮೆ ತೆರೆದು ನೋಡಬೇಕು.

ಇದು ಹಾಳೆಯ ಜೋಪಾನ. ಗೆರೆಯ ಜೋಪಾನ ಬೇರೆ. ಕೊಂಡ ದಿನವೇ ಒಂದು ವಹಿಯಲ್ಲಿ ಬರೆಯಿರಿ: ಎಲ್ಲಿ ಸಿಕ್ಕಿತು, ಯಾರಿಂದ, ಎಷ್ಟಕ್ಕೆ, ಯಾವ ಪತ್ರಿಕೆಯ ಯಾವ ಸಂಚಿಕೆ, ಬರೆದವರು ಯಾರು. ಬರೆದವರು ಗೊತ್ತಿಲ್ಲದಿದ್ದರೆ ಹುಡುಕುವ ತನಕ ಅದು ನಿಮ್ಮ ಮೇಲಿನ ಸಾಲ. ಸಿಕ್ಕರೆ ಹೋಗಿ ತೋರಿಸಿ. ವಾಪಸು ಕೇಳಿದರೆ ಕೊಟ್ಟ ದುಡ್ಡು ತೆಗೆದುಕೊಂಡು ಕೊಡಿ, ಅವರಲ್ಲಿ ದುಡ್ಡಿಲ್ಲದಿದ್ದರೆ ಹಾಗೆಯೇ ಕೊಡಿ. ಮಾರುವಾಗ ಹತ್ತನೇ ಒಂದು ಪಾಲನ್ನು, ಕಾನೂನು ಕೇಳಲಿ ಬಿಡಲಿ, ಬರೆದವರ ಮನೆಗೆ ಮುಟ್ಟಿಸಿ. ಒಳ್ಳೆಯ ಸ್ಕ್ಯಾನ್ ಮಾಡಿ, ಓದುವ ಹುಡುಗರು ಕೇಳಿದರೆ ಇಲ್ಲ ಎನ್ನಬೇಡಿ. ಪತ್ರಿಕೆ ನಡೆಸುವವರಿಗೆ, ಈಗ ನೀವು ಓದುತ್ತಿರುವಂಥ ಜಾಲತಾಣದ ಪತ್ರಿಕೆಗಳಿಗೂ, ಒಂದೇ ಮಾತು: ಲೇಖಕನ ಹೆಸರು ಹಾಕುವ ಅಕ್ಷರದಲ್ಲೇ ಚಿತ್ರಕಾರನ ಹೆಸರು ಹಾಕಿ. ಲಲಿತಕಲಾ ಅಕಾಡೆಮಿಯೂ ಸಾಹಿತ್ಯ ಅಕಾಡೆಮಿಯೂ ಇದು ನಿಮ್ಮದು, ಇದು ನಮ್ಮದು ಎನ್ನದೆ ಒಂದು ಕೋಣೆ, ಒಂದು ಸ್ಕ್ಯಾನರ್, ಒಬ್ಬ ತಿಳಿದವರನ್ನು ಇಟ್ಟರೆ ಅಲ್ಲಿಗೆ ಮೊದಲು ಹೊತ್ತು ತರುವುದು ನನ್ನ ಸಂದೂಕವನ್ನೇ.

ಹೈದರಾಬಾದಿನ ಕಾಕಾ 2019ರಲ್ಲಿ ತೀರಿಕೊಂಡರು. ಸುದ್ದಿ ತಿಳಿದದ್ದು ತಡವಾಗಿ. ಹಾಳೆ ಹಿಡಿದು ಮತ್ತೆ ಅದೇ ಮನೆಗೆ ಹೋದೆ. ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಝೆರಾಕ್ಸ್ ಇತ್ತು. ಬಣ್ಣ ಆಗಲೇ ಮಾಸಿತ್ತು. ಮೂಲವನ್ನು ಮಗಳ ಕೈಗೆ ಕೊಟ್ಟೆ. ದುಡ್ಡಿನ ಮಾತು ಎತ್ತಿದರು, ಬೇಡ ಎಂದೆ. ಅವರು ಮೂಲೆಯ ಬಿಳಿ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಳಿದರು: “ಅಣ್ಣಾರೆ, ಈ ಬಿಳೀದು ತಗೀಲಿಕ್ಕಿ ಬರ್ತದೇನ್ರಿ?” ಕೆರೆಯಬೇಡಿ, ಹಾಳೆ ಹರಿಯುತ್ತದೆ ಎಂದೆ. ಅಳಿಸಿದ್ದಕ್ಕೂ ಒಂದು ಸಾಕ್ಷಿ ಇರಲಿ ಎಂದೂ ಅನ್ನಿಸಿತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬರುವಾಗ ಗೋಡೆಯ ಮೇಲಿದ್ದ ಝೆರಾಕ್ಸನ್ನು ಕೇಳಿ ತಂದೆ.

ತಂಗಿಯ ಮಗನಿಗೆ ಈ ಕತೆ ಹೇಳಿದೆ. ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಶಾಲೆಯ ಹಳೆ ನೋಟುಬುಕ್ಕೊಂದನ್ನು ತಂದು ಗೆರೆ ಹೊಡೆದು ಪಟ್ಟಿ ಮಾಡಿಕೊಟ್ಟ: ನಂಬರ್, ಚಿತ್ರ, ಎಲ್ಲಿ ಸಿಕ್ಕಿತು, ಬರೆದವರ ಹೆಸರು. 42 ಸಾಲುಗಳಲ್ಲಿ 17ರ ಮುಂದೆ ಹೆಸರಿನ ಜಾಗ ಖಾಲಿ ಇದೆ. ಈ ದೀಪಾವಳಿಯ ಹೊತ್ತಿಗೆ ಆ ಹದಿನೇಳರ ಸ್ಕ್ಯಾನ್ ಮಾಡಿಸಿ, ಹಳೆ ಪ್ರೆಸ್ಸುಗಳಲ್ಲಿ ದುಡಿದವರಿಗೆ ಒಬ್ಬೊಬ್ಬರಿಗಾಗಿ ತೋರಿಸುತ್ತ ಹೋಗಬೇಕು ಎಂದುಕೊಂಡಿದ್ದೇನೆ.